ನೀಸ್ ವಾರಾಂತ್ಯ ಪ್ರವಾಸದಲ್ಲಿ ಆದ ತೊಂದರೆ ಕುರಿತು ದೂರು

ಶಿವಮೊಗ್ಗ
7 ಜುಲೈ 2025

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: 2025ರ ಮೇ 16ರಿಂದ 19ರವರೆಗಿನ ಫ್ರಾನ್ಸ್‌ನ ನೀಸ್ ಪ್ರವಾಸ, ಹಣ ವಾಪಸ್ ಕೋರಿ.

ಮಾನ್ಯರೇ,

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಏಪ್ರಿಲ್‌ನಿಂದ ಜೂನ್‌ವರೆಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೆವು. ಹೊರಡುವ ಮೊದಲೇ, ಫೆಬ್ರವರಿಯಲ್ಲಿ, ನಿಮ್ಮಲ್ಲಿ ಈ ಪ್ರವಾಸ ಬುಕ್ ಮಾಡಿ ಪೂರ್ತಿ ಹಣ ಕಟ್ಟಿದ್ದೆ. ಅಳಿಯ ಆ ವಾರಾಂತ್ಯ ರಜೆ ಹಾಕಿ ಮಗುವನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು. ವಿಮಾನದ ಟಿಕೆಟ್ ಮಗಳು ಮಾಡಿಸಿದ್ದಳು. ಉಳಿದದ್ದೆಲ್ಲ, ಅಂದರೆ ಹೋಟೆಲ್, ಏರ್‌ಪೋರ್ಟಿನಿಂದ ಕಾರು, ಕನ್ನಡ ಮಾತಾಡುವ ಗೈಡ್, ಸಸ್ಯಾಹಾರಿ ಊಟ, ಅರ್ಧ ದಿನದ ಮೊನಾಕೊ ಪ್ರವಾಸ, ನಿಮ್ಮ ಜವಾಬ್ದಾರಿ. ಇಬ್ಬರಿಗೆ 78,000 ರೂಪಾಯಿ.

ನೀಸ್ ಯಾಕೆ ಬೇಕು ಅಂತ ನಿಮ್ಮ ಕಚೇರಿಯ ಹೆಣ್ಣುಮಗಳು ಫೋನಿನಲ್ಲಿ ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇಟಲಿಯ ಏಕೀಕರಣದ ಪಾಠವನ್ನು ನಾನು ಮೂವತ್ತು ವರ್ಷ ಮಾಡಿದ್ದೇನೆ. ಗ್ಯಾರಿಬಾಲ್ಡಿ ಹುಟ್ಟಿದ್ದು 1807ರಲ್ಲಿ, ಇದೇ ನೀಸ್‌ನಲ್ಲಿ. ಇಟಲಿ ಒಂದಾಗಲಿ ಎಂದು ಹೋರಾಡಿದವನ ಹುಟ್ಟೂರು 1860ರಲ್ಲಿ ಫ್ರಾನ್ಸ್‌ನ ಪಾಲಾಯಿತು. ಅವನಿಗೆ ಅದು ಕೊನೆಯವರೆಗೂ ನೋವಾಗಿಯೇ ಉಳಿಯಿತು. ಈ ಮಾತು ಬಂದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರೂ ಸುಮ್ಮನೆ ಕೇಳುತ್ತಿದ್ದರು. ಅವನ ಹೆಸರಿನ ಚೌಕ ನೋಡಬೇಕು, ಕೋಟೆ ಗುಡ್ಡದ ಮೇಲಿನ ಸ್ಮಶಾನದಲ್ಲಿರುವ ಅವನ ತಾಯಿಯ ಸಮಾಧಿ ನೋಡಬೇಕು ಎಂಬುದು ನನ್ನ ಬಹುಕಾಲದ ಆಸೆ. ನನ್ನ ಹೆಂಡತಿಯ ಆಸೆ ಇನ್ನೂ ಸಣ್ಣದು. ಗೋಕರ್ಣದಲ್ಲಿ ನಡೆದ ಹಾಗೆ ಬರಿಗಾಲಲ್ಲಿ ಮರಳಿನ ಮೇಲೆ ನಡೆಯಬೇಕು ಅಂದಿದ್ದಳು. "ಏನೂ ಯೋಚನೆ ಮಾಡ್ಬೇಡಿ ಸರ್, ಎಲ್ಲಾ ನಾವು ನೋಡ್ಕೋತೀವಿ" ಅಂದರು ನಿಮ್ಮ ಕಚೇರಿಯ ಆ ಹೆಣ್ಣುಮಗಳು. ನಮ್ಮ ಭಾಷೆಯಲ್ಲಿ ಹೇಳಿದ ಆ ಮಾತನ್ನು ನಾವು ನಂಬಿದೆವು.

ಶುಕ್ರವಾರ ಸಂಜೆ ಏಳಕ್ಕೆ ನೀಸ್ ಏರ್‌ಪೋರ್ಟಿನಿಂದ ಹೊರಗೆ ಬಂದಾಗ ನಮ್ಮ ಹೆಸರಿನ ಬೋರ್ಡು ಹಿಡಿದವರು ಯಾರೂ ಇರಲಿಲ್ಲ. ನೀವು ಕೊಟ್ಟ 24 ಗಂಟೆಯ ನಂಬರಿಗೆ ಏಳು ಸಲ ಫೋನ್ ಮಾಡಿದೆ. ಅಲ್ಲಿ ಏಳು ಅಂದರೆ ಬೆಂಗಳೂರಿನಲ್ಲಿ ರಾತ್ರಿ ಹತ್ತೂವರೆ. ಯಾರೂ ಎತ್ತಲಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷ ಕಾದು, ಮಗಳನ್ನು ಕೇಳಿ, ಟ್ಯಾಕ್ಸಿ ಹತ್ತಿದೆವು.

ಟ್ಯಾಕ್ಸಿ ಹೊರಟ ಸ್ವಲ್ಪ ಹೊತ್ತಿಗೇ ನನಗೆ ಗಾಬರಿಯಾಯಿತು. ನಾನು ನಕ್ಷೆ ನೋಡಿಕೊಂಡೇ ಹೋಗಿದ್ದೆ. ಏರ್‌ಪೋರ್ಟಿನಿಂದ ಊರಿಗೆ ಹೋಗುವಾಗ ಸಮುದ್ರ ಬಲಕ್ಕಿರಬೇಕು. ಅದು ಎಡಕ್ಕೆ ಕಾಣಿಸಿತು. ಆಮೇಲೆ ಒಂದು ಸೇತುವೆ ದಾಟಿದೆವು. ನಿಮ್ಮ ಹೋಟೆಲ್ ಇದ್ದದ್ದು ನೀಸ್‌ನಲ್ಲೇ ಅಲ್ಲ, ವಾರ್ ನದಿಯ ಆಚೆಯ ಸಾಂ ಲೋರಾಂ ದ್ಯು ವಾರ್ ಎಂಬ ಬೇರೆ ಊರಿನಲ್ಲಿ. ಪ್ರಯಾಣಕ್ಕೆ ಎರಡು ದಿನ ಮುಂಚೆ ನೀವು ಕಳಿಸಿದ ವೋಚರ್‌ನಲ್ಲಿ ಆ ವಿಳಾಸ ಇತ್ತು, ಒಪ್ಪುತ್ತೇನೆ. ಮನೆಯಲ್ಲಿ ಎಳೆ ಮಗು, ಯಾರೂ ಗಮನಿಸಲಿಲ್ಲ. ಆದರೆ ನಾನು ಹಣ ಕಟ್ಟಿದ್ದು ಫೆಬ್ರವರಿಯ ಕಾಗದ ನೋಡಿ. ಅದರಲ್ಲಿ "ನೀಸ್‌ನ ಸಮುದ್ರದ ಎದುರು, ಹಳೆ ಊರಿಗೆ ನಡೆದು ಹೋಗುವಷ್ಟು ಹತ್ತಿರ" ಎಂದಿದೆ. ನಮ್ಮ ಕೋಣೆಯ ಕಿಟಕಿಗೆ ಕಂಡದ್ದು ದೊಡ್ಡ ರಸ್ತೆ ಮತ್ತು ಪಾರ್ಕಿಂಗ್ ಜಾಗ. ನೀಸ್ ಫ್ರಾನ್ಸ್‌ಗೆ ಸೇರುವ ಮೊದಲು ಆ ನದಿಯೇ ಎರಡು ದೇಶಗಳ ಗಡಿಯಾಗಿತ್ತು. "ಎರಡೂ ಒಂದೇ ಸರ್, ಪಕ್ಕಪಕ್ಕದಲ್ಲೇ ಇವೆ" ಎಂದು ನಿಮ್ಮವರು ಆಮೇಲೆ ಹೇಳಿದ್ದು ನನಗೆ ಸರಿ ಕಾಣಲಿಲ್ಲ.

ಹತ್ತಿರದ ಕಾನ್ ಊರಿನ ಚಿತ್ರೋತ್ಸವದಿಂದಾಗಿ ನೀಸ್‌ನಲ್ಲಿ ಕೋಣೆಗಳು ಸಿಗಲಿಲ್ಲ ಎಂದೂ ಬರೆದಿದ್ದೀರಿ. ಆ ಉತ್ಸವ ಮೇ ತಿಂಗಳಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು. ಈ ಸಲ ಮೇ 13ರಿಂದ 24ರವರೆಗೆ ಇತ್ತು. ನಾವು ಬುಕ್ ಮಾಡುವಾಗಲೇ ಆ ತಾರೀಖು ಪ್ರಕಟವಾಗಿತ್ತು. ಕೋಣೆ ಸಿಗದಿದ್ದರೆ ಅಂದೇ ಹೇಳಬಹುದಿತ್ತು. ನಾವು ತಾರೀಖು ಬದಲಿಸುತ್ತಿದ್ದೆವು.

ಶನಿವಾರ ಬೆಳಗ್ಗೆ ಹತ್ತಕ್ಕೆ ಮಸ್ಸೇನಾ ಚೌಕದ ಕಾರಂಜಿಯ ಹತ್ತಿರ ಗೈಡ್ ಸಿಗುತ್ತಾರೆ ಎಂದಿದ್ದಿರಿ. ಒಂಬತ್ತೂ ಮುಕ್ಕಾಲಿಗೇ ಹೋಗಿ ನಿಂತೆವು. ಹನ್ನೊಂದೂ ಇಪ್ಪತ್ತಕ್ಕೆ ಒಂದು ಮೆಸೇಜ್ ಬಂತು: ಗೈಡ್‌ಗೆ ಹುಷಾರಿಲ್ಲ, ನೀವೇ ನೋಡಿಕೊಂಡು ಬನ್ನಿ. ಹುಷಾರಿಲ್ಲದಿರುವುದು ಯಾರ ತಪ್ಪೂ ಅಲ್ಲ. ಆದರೆ ಫ್ರೆಂಚ್ ಬಾರದ, ಇಂಗ್ಲಿಷ್ ಅಷ್ಟಕ್ಕಷ್ಟೇ ಬರುವ ಇಬ್ಬರು ವಯಸ್ಸಾದವರನ್ನು ಒಂದೂವರೆ ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದು ತಪ್ಪು. ಗೈಡ್‌ಗಾಗಿಯೇ ನಾವು ನಿಮ್ಮ ಪ್ಯಾಕೇಜ್ ತೆಗೆದುಕೊಂಡದ್ದು. ಇಲ್ಲದಿದ್ದರೆ ಹೋಟೆಲನ್ನೂ ಮಗಳೇ ಬುಕ್ ಮಾಡುತ್ತಿದ್ದಳು, ಅಲ್ವಾ?

ಕೇಳಿಕೊಂಡು ಹಳೆ ಊರಿನ ಓಣಿಗಳ ಹತ್ತಿರ ಹೋದೆವು. ಸರಿಯಾಗಿ ಹನ್ನೆರಡಕ್ಕೆ ತಲೆಯ ಮೇಲೆ ತೋಪು ಸಿಡಿದಂಥ ಶಬ್ದ. ನನ್ನ ಹೆಂಡತಿ ಬೆಚ್ಚಿಬಿದ್ದು ಗೋಡೆ ಹಿಡಿದು ಕೂತಳು. ಕೈ ನಡುಗುತ್ತಿತ್ತು. ಹೂ ಮಾರುವವರೊಬ್ಬರು ನಗುತ್ತಾ ಗುಡ್ಡದ ಕಡೆ ಕೈ ತೋರಿಸಿ, ಆಮೇಲೆ ತಮ್ಮ ಗಡಿಯಾರ ತೋರಿಸಿದರು. ಅದು ದಿನಾ ಮಧ್ಯಾಹ್ನದ ಪದ್ಧತಿಯಂತೆ. ಹೆಂಡತಿ ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಬರಲಿ ಅಂತ ಹಿಂದೆ ಯಾರೋ ಒಬ್ಬ ಸ್ಕಾಟ್ಲೆಂಡಿನವ ಶುರುಮಾಡಿಸಿದ ಎಂಬ ಕಥೆಯನ್ನು ರಾತ್ರಿ ಮಗಳು ಓದಿ ಹೇಳಿದಳು. ಎಷ್ಟು ಚಂದದ ಸಂಗತಿ! ಮೊದಲೇ ಒಂದು ಮಾತು ಹೇಳಿದ್ದರೆ ನಾವು ಅದಕ್ಕಾಗಿ ಕಾದು ನಿಂತು ಕೇಳುತ್ತಿದ್ದೆವು.

ಊಟದ ವಿಷಯ ಬರೆಯಲು ನನಗೆ ಕಷ್ಟವಾಗುತ್ತದೆ. ಆದರೂ ಬರೆಯಲೇಬೇಕು. ನಿಮ್ಮ ಕೂಪನ್ ಕೊಟ್ಟು ತೆಗೆದುಕೊಂಡ ಸಸ್ಯಾಹಾರಿ ಡಬ್ಬಿಯಲ್ಲಿ ಈರುಳ್ಳಿ ಹಾಕಿ ಬೇಯಿಸಿದ ರೊಟ್ಟಿಯಂಥದ್ದು ಇತ್ತು. ಅಲ್ಲಿ ಅದಕ್ಕೆ ಪಿಸ್ಸಾಲಾದಿಯೇರ್ ಅನ್ನುತ್ತಾರೆ. ನನ್ನ ಹೆಂಡತಿ ಎರಡು ತುತ್ತು ತಿಂದಳು. ಮೇಲಿದ್ದ ಕಂದು ಪಟ್ಟಿಗಳು ಏನು ಅಂತ ಅನುಮಾನ ಬಂದು ಮಗಳಿಗೆ ಫೋಟೊ ಕಳಿಸಿದೆ. ಆಂಚೊವಿ, ಅಂದರೆ ಉಪ್ಪಲ್ಲಿಟ್ಟ ಸಣ್ಣ ಮೀನು. ಆ ತಿಂಡಿಯನ್ನು ಮಾಡುವ ಕ್ರಮವೇ ಹಾಗಂತೆ. ಅವಳು ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ. ಆ ದಿನ ಮತ್ತೆ ಏನೂ ಬೇಡ ಅಂದಳು. ಸಂಜೆ ಕೂರ್ ಸಾಲೆಯಾ ಮಾರುಕಟ್ಟೆಯ ಹತ್ತಿರ ಸೋಕ್ಕಾ ಮಾಡುತ್ತಿದ್ದರು. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ಅಗಲವಾದ ತಟ್ಟೆಯಲ್ಲಿ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ನಮ್ಮ ಕಡಲೆಹಿಟ್ಟಿನ ದೋಸೆಯ ಹಾಗೇ ಇರುತ್ತದೆ. ಮಾಡುವುದನ್ನು ಕಣ್ಣಾರೆ ನೋಡಿದ ಮೇಲೆ ತಿಂದಳು. ಅಂಥ ತಿಂಡಿ ಬೀದಿಯಲ್ಲೇ ಸಿಗುವ ಊರಿನಲ್ಲಿ ನೀವು ಅವಳಿಗೆ ಮೀನು ತಿನ್ನಿಸಿದಿರಿ.

ಇನ್ನು ಸಮುದ್ರ. ನಿಮ್ಮ ಪ್ರಚಾರದ ಹಾಳೆಯಲ್ಲಿ ಹಳದಿ ಮರಳಿನ ಚಿತ್ರವಿದೆ. ನೀಸ್‌ನ ಕಡಲತೀರದಲ್ಲಿ ಇರುವುದು ಮರಳಲ್ಲ, ಮುಷ್ಟಿಯಷ್ಟು ದಪ್ಪದ ನುಣುಪು ಕಲ್ಲುಗಳು. ಗೊತ್ತಿದ್ದವರು ರಬ್ಬರ್ ಚಪ್ಪಲಿ ಹಾಕಿಕೊಂಡು ನೀರಿಗೆ ಇಳಿಯುತ್ತಾರೆ. ಮಂಡಿನೋವಿನ ನನ್ನ ಹೆಂಡತಿ ನಾಲ್ಕು ಹೆಜ್ಜೆ ಇಟ್ಟು ಹಿಂದೆ ಬಂದಳು. ಕಾನ್‌ನಲ್ಲಿ, ಜುವಾನ್ ಲೆ ಪಾನ್‌ನಲ್ಲಿ ಮರಳಿದೆ. ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಅವಳು ಫೋನಿನಲ್ಲಿ ಮರಳು ಅಂದಾಗ ಇಷ್ಟು ಹೇಳಿದ್ದರೆ ಸಾಕಿತ್ತು. ಕೊನೆಗೆ ದಂಡೆಯ ಮೇಲಿನ ಪ್ರೋಮನಾದ್ ರಸ್ತೆಯಲ್ಲಿ ನೀಲಿ ಕುರ್ಚಿಗಳ ಮೇಲೆ ಕೂತು ನೀರು ನೋಡಿದೆವು. ಆ ನೀಲಿಯನ್ನು ನಾನು ಮರೆಯುವುದಿಲ್ಲ. ಊರಿನ ಮೇಲೆ ನನಗೆ ಒಂದು ದೂರೂ ಇಲ್ಲ.

ಭಾನುವಾರದ ಮೊನಾಕೊ ಪ್ರವಾಸ ಚೆನ್ನಾಗಿ ಆಯಿತು. ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಅರಮನೆಯ ಎದುರು 11:55ಕ್ಕೆ ಕಾವಲುಗಾರರು ಬದಲಾಗುವುದನ್ನು ನೋಡಿದೆವು. ಮೆಟ್ಟಿಲಲ್ಲಿ ಚಾಲಕರು ನನ್ನ ಹೆಂಡತಿಯ ಕೈ ಹಿಡಿದು ಇಳಿಸಿದರು. ಅವರಿಗೆ ನಮ್ಮ ಧನ್ಯವಾದ ತಿಳಿಸಿ.

ಅಂದು ಸಂಜೆ ಹೋಟೆಲಿಗೆ ಮರಳುವಾಗ ತಪ್ಪು ದಿಕ್ಕಿನ ಟ್ರಾಮ್ ಹತ್ತಿದೆವು. ಅದು ಗ್ಯಾರಿಬಾಲ್ಡಿ ಚೌಕದ ಮೂಲಕ ಹೋಯಿತು. ಕಮಾನುಗಳ ಹಳದಿ ಕಟ್ಟಡಗಳ ನಡುವೆ ಅವನ ಪ್ರತಿಮೆ ಕಿಟಕಿಯಿಂದ ಕಂಡಿತು. ಇಳಿಯೋಣ ಅನ್ನಿಸಿತು. ಆದರೆ ಅವಳ ಮಂಡಿ ಊದಿತ್ತು, ಕತ್ತಲಾಗುತ್ತಿತ್ತು, ಹೋಟೆಲ್ ಬೇರೆ ಊರಿನಲ್ಲಿ. ಇಳಿಯಲಿಲ್ಲ. ಕೋಟೆ ಗುಡ್ಡಕ್ಕೆ ಪುಕ್ಕಟೆ ಲಿಫ್ಟ್ ಇದೆ ಎಂದು ಗೊತ್ತಾಗಿದ್ದು ಜರ್ಮನಿಗೆ ಮರಳಿದ ಮೇಲೆ. ಸಮಾಧಿ ನೋಡಲಾಗಲಿಲ್ಲ. ನನಗೆ ಈಗ ಅರವತ್ತೆಂಟು. ಇನ್ನೊಮ್ಮೆ ಹೋಗುತ್ತೇನೆ ಅನ್ನುವ ಧೈರ್ಯ ಇಲ್ಲ.

ಮೇ 22ರಂದು ನಾನು ಬರೆದ ಇಮೇಲ್‌ಗೆ ನೀವು ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಬರೆದು, ಮುಂದಿನ ಪ್ರವಾಸಕ್ಕೆ ಶೇ 10 ರಿಯಾಯಿತಿ ಎಂದಿದ್ದೀರಿ. ಅದು ನನಗೆ ಬೇಡ.

ನಾನು ಕೇಳುವುದು ಹೀಗಿದೆ. ಬಾರದ ಗೈಡ್‌ಗೆ ಬಿಲ್ಲಿನಲ್ಲಿ ಹಾಕಿರುವ 9,500 ರೂಪಾಯಿ ಮತ್ತು ಬಾರದ ಕಾರಿನ 4,800 ರೂಪಾಯಿ ಪೂರ್ತಿ ಕೊಡಿ. ಹೋಟೆಲಿನ 36,000 ರೂಪಾಯಿಯಲ್ಲಿ ಅರ್ಧ ಕೊಡಿ. ನಾವು ಟ್ಯಾಕ್ಸಿಗೆ ಕೈಯಿಂದ ಕೊಟ್ಟ 118 ಯೂರೊ ಕೊಡಿ, ರಸೀದಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ಮೊನಾಕೊ ಪ್ರವಾಸದ ಹಣ ಕೇಳುತ್ತಿಲ್ಲ. ಆ ಮರಳಿನ ಚಿತ್ರವನ್ನು ಪ್ರಚಾರದ ಹಾಳೆಯಿಂದ ತೆಗೆಯಿರಿ. ಹೋಟೆಲ್ ಯಾವ ಊರಿನಲ್ಲಿದೆ ಎಂದು ಹಣ ತೆಗೆದುಕೊಳ್ಳುವ ಮೊದಲು ಬರೆದು ಕೊಡಿ. ಸಸ್ಯಾಹಾರಿ ಎಂದು ಬರೆಯುವ ಮೊದಲು ಅಡುಗೆ ಮಾಡುವವರನ್ನು ಕೇಳಿ.

ಈ ಪತ್ರ ತಲುಪಿದ 15 ದಿನಗಳಲ್ಲಿ ಉತ್ತರ ಬಾರದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗುವುದು ನನಗೆ ಇಷ್ಟವಿಲ್ಲ. ಆದರೆ ಹೋಗುತ್ತೇನೆ.

ಉತ್ತರವನ್ನು ದಯವಿಟ್ಟು ಕನ್ನಡದಲ್ಲೇ ಬರೆಯಿರಿ. ಅದನ್ನು ನನ್ನ ಹೆಂಡತಿಯೂ ಓದಬೇಕು.

ಇಂತಿ,
ನಿಮ್ಮ ಗ್ರಾಹಕ,
ನಿವೃತ್ತ ಶಿಕ್ಷಕ, ಶಿವಮೊಗ್ಗ

ಅಡಕ: ಬುಕಿಂಗ್ ಕಾಗದ, ಬಿಲ್, ವೋಚರ್, ಟ್ಯಾಕ್ಸಿ ರಸೀದಿಗಳು, ಊಟದ ಡಬ್ಬಿಯ ಫೋಟೊ