ಗೆಳೆಯನಿಗೊಂದು ಪತ್ರ: ಮುತ್ತಿಗೆಯ ನಡುವೆ ಕೊಂಡ ಹೊಲ

ಪ್ರಿಯ ಗೆಳೆಯಾ,

ಬ್ಯಾಂಕಿನ ನೋಟಿಸು, ಅದರ ಜೊತೆ ಬೈಬಲಿನ ಯೆರೆಮೀಯ 29:11 (ನಿಮಗೆ ಕೇಡಲ್ಲ, ಹಿತವನ್ನೇ ಯೋಚಿಸಿದ್ದೇನೆ, ನಿರೀಕ್ಷೆ ಕೊಡ್ತೇನೆ ಅಂತ ದೇವರು ಹೇಳೋ ವಚನ), ಕೊನೆಗೆ "ಇದನ್ನ ಇನ್ನೂ ನಂಬಬೇಕಾ?" ಅನ್ನೋ ನಿನ್ನ ಪ್ರಶ್ನೆ, ಮೂರೂ ಒಟ್ಟಿಗೆ ಬಂದವು. ಕಾಂಡಕೊರಕಕ್ಕೆ ಅರೇಬಿಕಾ ಗಿಡ ಕಿತ್ತು ಸುಟ್ಟು, ಕೊಯ್ಲಿನ ಹೊತ್ತಿಗೆ ಮಳೆ ಬಿದ್ದು ಕಣದಲ್ಲಿದ್ದ ಕಾಫಿ ಬೂಸ್ಟು ಹಿಡಿದವನಿಗೆ ಈ ಪ್ರಶ್ನೆ ಬಾರದೇ ಇರುತ್ತಾ ಮಾರಾಯ.

ನಂಬಬೇಕು. ಆದರೆ ದೇವರು ಅಲ್ಲಿ ಯಾರಿಗೆ, ಏನು ಮಾತು ಕೊಟ್ಟಿದ್ದಾನೆ ಅಂತ ಮೊದಲು ನೋಡು. ಹೊಸ ವರ್ಷದ ರಾತ್ರಿ ಹಂಚುವ ವಾಗ್ದಾನದ ಕಾರ್ಡಿನಲ್ಲಿ ಒಂದೇ ವಚನ ಇರುತ್ತೆ. ಅದರ ಹಿಂದಿನದ್ದೂ ಇಲ್ಲ, ಮುಂದಿನದ್ದೂ ಇಲ್ಲ. 29ನೇ ಅಧ್ಯಾಯ ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ. ಮರಳಿ ಕರೆತರೋದು 70 ವರ್ಷ ಆದ ಮೇಲೆ ಅಂತ 10ನೇ ವಚನದಲ್ಲೇ ಇದೆ. ಆ ಕಾಗದ ಓದಿಸಿಕೊಂಡ ನಡುವಯಸ್ಸಿನವರು ಊರಿಗೆ ಮರಳುವ ಮಾತೇ ಇರಲಿಲ್ಲ. ಅವರ ಪಾಲಿನ ಕೆಲಸ 5ರಿಂದ 7ರವರೆಗೆ ಇದೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಸೆರೆ ಒಯ್ದವರ ಊರಿನ ಕ್ಷೇಮಕ್ಕೂ ಪ್ರಾರ್ಥಿಸಿ.

ಇದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತೆ ಅಂತ ದೇವಾಲಯದಲ್ಲಿ, ಯಾಜಕರ ಎದುರಿಗೇ ಸಾರಿದ್ದ. ಸುಳ್ಳು. ಈಗಲೂ "ಮೂರು ತಿಂಗಳಲ್ಲಿ ಸಾಲ ತೀರುತ್ತೆ, ಕಾಣಿಕೆ ಹಾಕು" ಅನ್ನೋರು ಹನನ್ಯನ ವಂಶದವರೇ. ಅವರ ಮಾತು ಕೇಳಿ ಕೈಸಾಲ ಮಾಡಿ ಕಾಣಿಕೆ ಹಾಕೋಕೆ ಮಾತ್ರ ಹೋಗಬೇಡ.

ನಿನ್ನ ಪರಿಸ್ಥಿತಿಗೆ ಹತ್ತಿರವಾದದ್ದು 32ನೇ ಅಧ್ಯಾಯ. ಯೆಹೂದದ ಚಿದ್ಕೀಯ ರಾಜನ 10ನೇ ವರ್ಷ, ಕ್ರಿ.ಪೂ. 587ರ ಆಸುಪಾಸು. ಬಾಬೆಲಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ, ಯೆರೆಮೀಯ ಕಾವಲಿನಲ್ಲಿ ಬಂಧಿ. ಅಂಥ ಹೊತ್ತಲ್ಲಿ ದಾಯಾದಿ ಹನಮೇಲ ಬಂದು ತಮ್ಮೂರು ಅನಾತೋತಿನ ಹೊಲ ಕೊಂಡುಕೋ ಅಂತಾನೆ. ಹೊಲ ಇರೋದು ಪಟ್ಟಣದ ಹೊರಗೆ, ಶತ್ರುವಿನ ದಂಡು ಬೀಡುಬಿಟ್ಟ ಸೀಮೆಯಲ್ಲಿ. ನಮ್ಮ ಕಡೆ ಬ್ರೋಕರೂ ಅಂಥ ಜಮೀನು ತೋರಿಸೋಕೆ ಹೊರಡಲ್ಲ.

ಯೆರೆಮೀಯ ಕೊಂಡ. ಬೆಲೆ 17 ಶೆಕೆಲ್ ಬೆಳ್ಳಿ; ಒಂದು ಶೆಕೆಲ್ ಸುಮಾರು 11 ಗ್ರಾಂ, ಒಟ್ಟು 200 ಗ್ರಾಮಿಗೂ ಕಡಿಮೆ. ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರಕ್ಕೆ ತಾನು ರುಜು ಹಾಕಿದ, ಸಾಕ್ಷಿಗಳಿಂದಲೂ ಹಾಕಿಸಿದ. ಒಂದು ಪ್ರತಿಗೆ ಮುದ್ರೆ, ಇನ್ನೊಂದು ಬಿಚ್ಚಿ ಓದೋಕೆ. ಎರಡನ್ನೂ ತನ್ನ ಬರಹಗಾರ ಬಾರೂಕನಿಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಆ ಸೀಮೆಯ ಒಣಹವೆಗೆ ಅದು ಸರಿಯಾದ ಕ್ರಮವೇ. ಮೃತ ಸಮುದ್ರದ ದಡದ ಕುಮ್ರಾನ್ ಗವಿಯಲ್ಲಿ 1947ರ ಸುಮಾರಿಗೆ ಸಿಕ್ಕ ಸುರುಳಿಗಳು ಗಡಿಗೆಯೊಳಗೆ ಹತ್ತಿರಹತ್ತಿರ 2000 ವರ್ಷ ಬಾಳಿದ್ದವು.

ಅನುಮಾನ ಬಂದದ್ದು ದುಡ್ಡು ಕೊಟ್ಟ ಮೇಲೆ. ನಿನಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಅಂತ 17ನೇ ವಚನದಲ್ಲಿ ಪ್ರಾರ್ಥನೆ ಶುರು ಮಾಡಿದವನು, 24ಕ್ಕೆ ಬರುವಷ್ಟರಲ್ಲಿ ಗೋಡೆಗೆ ಒತ್ತಿ ಎಬ್ಬಿಸಿರುವ ಮುತ್ತಿಗೆಯ ದಿಬ್ಬಗಳನ್ನ ನೋಡು ಅಂತಾನೆ. 25ರಲ್ಲಿ, ಹೀಗಿದ್ದೂ ಹೊಲ ಕೊಳ್ಳು ಅಂದೆಯಲ್ಲಾ ಅಂತ ಕೇಳೇಬಿಡ್ತಾನೆ. ದೇವರು ಬೈಯಲಿಲ್ಲ. ಪಟ್ಟಣ ಬೀಳುತ್ತೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ, ಆಮೇಲೆ ಈ ದೇಶದಲ್ಲಿ ಮತ್ತೆ ಹೊಲ ಕೊಳ್ತಾರೆ ಅಂದ. ನಿನ್ನ ಪ್ರಾರ್ಥನೆಯಲ್ಲೂ ದಿಬ್ಬಗಳ ಲೆಕ್ಕ ಬರಲಿ: ಅಸಲು ಎಷ್ಟು, ಬಡ್ಡಿ ಎಷ್ಟು, ಒಣಗಿದ ಮೆಣಸಿನ ಬಳ್ಳಿ ಎಷ್ಟು. "ಎಲ್ಲಾ ಒಳ್ಳೇದಾಗುತ್ತೆ ಸ್ತೋತ್ರ" ಅಂತ ಮೇಲೆ ಬಟ್ಟೆ ಹೊದಿಸಿದ ಪ್ರಾರ್ಥನೆ ಹೆಚ್ಚು ದಿನ ನಡೆಯಲ್ಲ, ನಾಲ್ಕನೇ ದಿನಕ್ಕೆ ಬಾಯೇ ಬರಲ್ಲ.

ಪಟ್ಟಣ ಸುಟ್ಟುಹೋಯ್ತು. ಯೆರೆಮೀಯನನ್ನು ಜನ ಐಗುಪ್ತಕ್ಕೆ ಎಳಕೊಂಡು ಹೋದರು. ಆ ಹೊಲದಲ್ಲಿ ಅವನು ಒಂದು ಸೇರು ಬೆಳೆದದ್ದು ಎಲ್ಲೂ ಬರೆದಿಲ್ಲ. ಆದರೆ ಎಜ್ರ 2:23 ತೆಗೆದು ನೋಡು. ಪರ್ಷಿಯದ ರಾಜ ಕೋರೆಷ ಅಪ್ಪಣೆ ಕೊಟ್ಟ ಮೇಲೆ, ಕ್ರಿ.ಪೂ. 538ರ ನಂತರ, ಊರಿಗೆ ಮರಳಿದವರ ಪಟ್ಟಿ ಅದು. ಅದರಲ್ಲಿ ಒಂದು ಸಾಲು: ಅನಾತೋತಿನವರು, 128.

ಹಾಗಾಗಿ ನೋಟ್‌ಬುಕ್ಕಿನ ಒಂದು ಹಾಳೆಯನ್ನ ಎರಡು ಪಾಲು ಮಾಡು. ಒಂದು ಕಡೆ ದೇವರು ಮಾತು ಕೊಟ್ಟದ್ದು, ಇನ್ನೊಂದು ಕಡೆ ನಾವೇ ಸೇರಿಸಿಕೊಂಡದ್ದು. ತೋಟ ಉಳಿಯುತ್ತೆ ಅನ್ನೋದು ಎರಡನೇ ಕಡೆಗೇ ಹೋಗಬೇಕು, ಕಷ್ಟವಾದರೂ. ನಿನ್ನನ್ನು ಎಂದಿಗೂ ಕೈಬಿಡೋದಿಲ್ಲ ಅನ್ನೋದು ಮೊದಲನೇ ಕಡೆಗೆ: ಇಬ್ರಿಯ 13:5, ಅದೂ ದುಡ್ಡಿನ ಮಾತು ಬಂದಿರೋ ವಚನದಲ್ಲೇ. ಈ ಎರಡು ಕಡೆ ಕಲಸಿಹೋದರೆ ಆತುರ ಹುಟ್ಟುತ್ತೆ. ಸಂತಾನದ ಮಾತು ಪಡೆದ ಅಬ್ರಹಾಮ ಊರು ಬಿಟ್ಟು ಹೊರಟಾಗ 75, ಇಸಾಕ ಹುಟ್ಟಿದಾಗ 100; ನಡುವೆ ತಡೆಯಲಾರದೆ ತಾವೇ ದಾರಿ ಹುಡುಕಿ, 86ಕ್ಕೆ ದಾಸಿ ಹಾಗರಳಲ್ಲಿ ಮಗನಾದ. ಅದರ ನೋವು ಆ ಮನೆಯಲ್ಲಿ ಎಷ್ಟು ವರ್ಷ ಇತ್ತು ಅಂತ ಆದಿಕಾಂಡದಲ್ಲೇ ಇದೆ. ನಿನ್ನ ವಿಷಯದಲ್ಲಿ ಹಾಗರ ಅಂದರೆ ಮೀಟರ್ ಬಡ್ಡಿಯವನು.

ಇನ್ನು ನೋಟಿಸು. ಸರ್ಫೇಸಿ ಕಾಯ್ದೆಯ (ಅಡಮಾನದ ಆಸ್ತಿಯನ್ನ ಕೋರ್ಟಿಗೆ ಹೋಗದೆ ಬ್ಯಾಂಕು ವಶಕ್ಕೆ ತಗೊಳ್ಳೋಕೆ ಬಿಡುವ ಕಾಯ್ದೆ) 13(2) ಅಂತಿದ್ದರೆ ಸಾಲ ಕಟ್ಟೋಕೆ 60 ದಿನ ಕಾಲ ಇರುತ್ತೆ. ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕು 15 ದಿನದೊಳಗೆ ಉತ್ತರ ಕೊಡಬೇಕು. ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯಿಸಲ್ಲ. ಕಾಫಿ ತೋಟ ಅದರೊಳಗೆ ಬರುತ್ತಾ ಅನ್ನೋದೇ ತಕರಾರು. ಅದಕ್ಕೇ ಪಹಣಿ, ಅಡಮಾನ ಪತ್ರ, ನೋಟಿಸು ಮೂರನ್ನೂ ಹಿಡಿದು ಚಿಕ್ಕಮಗಳೂರಿನಲ್ಲಿ ಈ ಥರದ ಕೇಸು ನಡೆಸಿದ ವಕೀಲರನ್ನ ಈ ವಾರವೇ ಕಾಣು. ಆಕ್ಷೇಪಣೆಯನ್ನ ಬಾಯಲ್ಲಿ ಹೇಳಿ ಬರಬೇಡ, ರಿಜಿಸ್ಟ್ರೇಶನ್ ಸೇರಿಸಿದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ, ತಲುಪಿದ ಪುರಾವೆ ಎರಡನ್ನೂ ಎತ್ತಿಡು. ಮಲೆನಾಡಿನ ಥಂಡಿಗೆ ಗಡಿಗೆ ಆಗಲ್ಲ, ಪ್ಲಾಸ್ಟಿಕ್ ಕವರಿನಲ್ಲಿಡು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ