ಈ ವರ್ಷ ಒಂದೇ ಗುರಿ: ಮುತ್ತಜ್ಜಿಯ ಹೆಸರು

ಮಾನ್ಯ ಸಂಪಾದಕರೇ,

ಹೋದ ತಿಂಗಳು ಹೊಸದುರ್ಗದ ಹತ್ತಿರದ ನಮ್ಮ ಊರಿಗೆ ಹೋಗಿದ್ದಾಗ ಮನೆಗೆ ಹೆಳವರು ಬಂದಿದ್ದರು. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಹೆಳವರು ಅಂದರೆ ಊರೂರು ತಿರುಗಿ ಒಂದೊಂದು ಮನೆತನದ ವಂಶಾವಳಿ ಹೇಳುವವರು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು, ಈ ಸಲ ಬೈಕಿನಲ್ಲಿ ಬಂದರು. ಜಗಲಿ ಮೇಲೆ ಕೂತು, ನೀರು ಕುಡಿದು, ಬಟ್ಟೆಯ ಗಂಟು ಬಿಚ್ಚಿ ಪುಸ್ತಕ ತೆಗೆದು ರಾಗವಾಗಿ ನಮ್ಮ ಏಳು ತಲೆಮಾರು ಹೇಳುತ್ತಾ ಹೋದರೆ ನನಗೆ ಮೈ ಜುಮ್ ಅಂತು. ಮೂಲಪುರುಷ ಯಾವ ಊರು ಬಿಟ್ಟು ಬಂದ, ಅವನಿಗೆ ಎಷ್ಟು ಗಂಡುಮಕ್ಕಳು, ಯಾರು ಪಾಲಾಗಿ ಯಾವ ಕಡೆ ಹೋದರು, ಎಲ್ಲ ಇತ್ತು. ಮುಗಿದ ಮೇಲೆ ಕೇಳಿದೆ, 'ಇವರ ಹೆಂಡಂದಿರ ಹೆಸರು ಓದಿ ಅಪ್ಪಾ' ಅಂತ. ಅವರು ಪುಟ ಹಿಂದೆ ಮುಂದೆ ಮಾಡಿ, 'ಇದರಲ್ಲಿ ಇಲ್ಲ ತಾಯಿ' ಅಂದರು.

ರಾಗಿ, ಕಾಣಿಕೆ ಕೊಟ್ಟು ಕಳಿಸಿದೆವು. ಅವರ ತಪ್ಪೇನೂ ಇಲ್ಲ, ಮನೆಯವರು ಏನು ಹೇಳಿದ್ದರೋ ಅದನ್ನೇ ಅವರ ಹಿರಿಯರು ಬರೆದುಕೊಂಡಿದ್ದಾರೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಳು ತಲೆಮಾರು, ಒಬ್ಬ ತಾಯಿಯೂ ಇಲ್ಲ!

ಹೋದ ವರ್ಷ ಜನವರಿಯಲ್ಲಿ ಇಡೀ ವಂಶವೃಕ್ಷ ಬರೆದು ಮುಗಿಸುತ್ತೇನೆ ಅಂತ ದೊಡ್ಡ ಡ್ರಾಯಿಂಗ್ ಶೀಟ್ ತಂದಿದ್ದೆ. ಯುಗಾದಿ ಹೊತ್ತಿಗೆ ನಿಂತುಹೋಯಿತು. ನಮ್ಮಲ್ಲಿ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ತಂದು ಮಾಡಿರುವುದರಿಂದ ಒಬ್ಬರೇ ಎರಡು ಮೂರು ಕಡೆ ಬರುತ್ತಾರೆ, ಗೆರೆ ಎಳೆದಷ್ಟೂ ಗೋಜಲು. ಅದಕ್ಕಿಂತ ಬೇಸರದ ವಿಷಯ ಅಂದರೆ, ನಾನು ಶೀಟ್ ಮುಂದೆ ಕೂತಿದ್ದ ಆ ಮೂರು ತಿಂಗಳಲ್ಲೇ ನಮ್ಮ ದೊಡ್ಡಮ್ಮ ತೀರಿಕೊಂಡರು. ಅವರ ಹತ್ತಿರ ಹೋಗಿ ಒಂದು ಮಧ್ಯಾಹ್ನ ಕೂತಿದ್ದರೆ ಸಾಕಿತ್ತು. ಹಾಗಾಗಿ ಈ ವರ್ಷ ಒಂದೇ ಗುರಿ ಇಟ್ಟುಕೊಂಡಿದ್ದೇನೆ. ನಮ್ಮ ತಂದೆಯ ಅಜ್ಜಿಯ ಹೆಸರು ಪತ್ತೆ ಮಾಡಬೇಕು, ಮಹಾಲಯ ಅಮಾವಾಸ್ಯೆಯಲ್ಲಿ ಎಡೆ ಇಡುವಾಗ ಆ ಹೆಸರು ಹೇಳಬೇಕು. ಹೊಸ ವರ್ಷಕ್ಕೆ ಮನೆತನದ ಚರಿತ್ರೆ ಹುಡುಕಬೇಕು ಅಂದುಕೊಂಡಿರುವ ಓದುಗರಿಗೂ ನಾನು ಹೇಳುವುದು ಇಷ್ಟೇ, ಒಂದೇ ಪ್ರಶ್ನೆ ಹಿಡಿಯಿರಿ, ಮೊದಲು ವಯಸ್ಸಾದವರ ಹತ್ತಿರ ಹೋಗಿ, ಕಾಗದಪತ್ರ ಆಮೇಲೆ ನೋಡಿದರಾಯಿತು.

ಕೆಲಸ ಆಗಲೇ ಶುರು ಮಾಡಿದ್ದೇನೆ. ಅಟ್ಟದ ಮೇಲೆ ಹಳೇ ಹಿತ್ತಾಳೆ ಕೊಳಗ ಒಂದಿತ್ತು. ತವರಿನವರು ಕೊಡುವ ಪಾತ್ರೆಗೆ ಹೆಸರು ಹಾಕಿಸುವುದು ಹಿಂದಿನಿಂದ ಬಂದಿದ್ದು, ಅಲ್ವಾ? ಕೆಳಗಿಳಿಸಿ ನೋಡಿದರೆ ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಸೊಸೆ ಹುಣಸೆಹಣ್ಣು ಹಚ್ಚಿ ತಿಕ್ಕಲು ಹೊರಟಿದ್ದಳು, ಬೇಡ ಅಂತ ತಡೆದೆ, ಇಷ್ಟು ವರ್ಷ ತಿಕ್ಕಿ ತಿಕ್ಕಿಯೇ ಅರ್ಧ ಸವೆದಿದೆ. ಒಣ ಅಕ್ಕಿಹಿಟ್ಟು ಸವರಿ ಮೆಲ್ಲಗೆ ಒರೆಸಿದೆವು. ಚುಕ್ಕಿಗಳಲ್ಲಿ ಹಿಟ್ಟು ಕೂತು ಅಕ್ಷರ ಬೆಳ್ಳಗೆ ಎದ್ದು ಬಂತು. ಮೊದಲ ಎರಡಕ್ಷರ ಹೋಗಿಬಿಟ್ಟಿದೆ, ಕೊನೆಯ 'ಕ್ಕ' ಮಾತ್ರ ಚೆನ್ನಾಗಿದೆ. ಅದರ ಪಕ್ಕದಲ್ಲಿ 'ಬಾಗೂ' ಅಂತಿದೆ.

ಆ ಫೋಟೊ ಹಿಡಿದುಕೊಂಡು ಹೊಳಲ್ಕೆರೆಯಲ್ಲಿರುವ ಸೋದರತ್ತೆ ಹತ್ತಿರ ಹೋದೆ. ಅವರಿಗೆ 86 ವರ್ಷ. 'ನಿಮ್ಮ ಅಜ್ಜಿ ಹೆಸರೇನು?' ಅಂತ ಕೇಳಿದರೆ, 'ಅಜ್ಜಿನ ಯಾರಾದ್ರೂ ಹೆಸರು ಹಿಡಿದು ಕರೀತಾರೇನೇ?' ಅಂದರು. ನಿಜ ತಾನೇ! ಆಮೇಲೆ ಬೇರೆ ಥರ ಕೇಳಿದೆ. ಮೊದಲ ಬಾಣಂತನ ಯಾವ ಊರಲ್ಲಿ ಆಯ್ತು, ಗೌರಿ ಹಬ್ಬಕ್ಕೆ ಬಾಗಿನ ಎಲ್ಲಿಂದ ಬರುತ್ತಿತ್ತು, ಅವರ ಹೆಸರನ್ನು ಮೊಮ್ಮಕ್ಕಳಲ್ಲಿ ಯಾರಿಗಾದರೂ ಇಟ್ಟಿದ್ರಾ ಅಂತ. ಅತ್ತೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, 'ನಾವು ಬಾಗೂರಜ್ಜಿ ಅಂತಿದ್ವಿ ಕಣೇ' ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಹೆಸರು ಸಿಗದಿದ್ದರೂ ಊರು ಸಿಕ್ಕಿತು. ಹೆಣ್ಣುಮಕ್ಕಳನ್ನು ತವರೂರಿನಿಂದಲೇ ಗುರುತಿಸುವುದು ನಮ್ಮ ಕಡೆ ರೂಢಿ, ಈ ಒಂದು ಎಳೆ ಹಿಡಿದರೆ ಎಷ್ಟೋ ಗಂಟು ಬಿಚ್ಚುತ್ತದೆ. ಆದರೆ ಮದುವೆಯಲ್ಲಿ ಹೆಸರು ಬದಲಿಸಿದ್ದರೆ ತವರಲ್ಲಿ ಒಂದು, ಇಲ್ಲಿ ಒಂದು ಇರುತ್ತದೆ, ಅದನ್ನೂ ಮರೆಯದೆ ಕೇಳಬೇಕು.

ಇನ್ನು ಕಾಗದಪತ್ರ. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ, ನಮ್ಮ ಮುತ್ತಜ್ಜಿ ಅದಕ್ಕೂ ಎಷ್ಟೋ ಮುಂಚೆ ಹೋದವರು. ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಹಳೇ ದಾಖಲಾತಿ ರಿಜಿಸ್ಟರ್ ಎಷ್ಟೋ ತಿರುವಿದ್ದೇನೆ, ಅಲ್ಲಿ ಸುಮಾರು ಜನರ ಹುಟ್ಟಿದ ದಿನ ಜೂನ್ 1, ತಾಯಿ ಹೆಸರಿಗೆ ಕಾಲಂ ಇಲ್ಲ. ಸಿಕ್ಕರೆ ಜಮೀನಿನ ದಾಖಲೆಯಲ್ಲೇ ಸಿಗಬೇಕು. ಮುತ್ತಜ್ಜ ಚಿಕ್ಕ ವಯಸ್ಸಿಗೇ ಹೋದರಂತೆ, ಮಕ್ಕಳು ಮೈನರ್ ಇದ್ದಾಗ ಖಾತೆ ತಾಯಿ ಹೆಸರಿಗೆ ಆಗಿರಬಹುದು. ನಮ್ಮ ಹಳೇ ಮೈಸೂರು ಕಡೆ ಗಂಡಸಿಗೆ 'ಬಿನ್' ಅಂತ ಅಪ್ಪನ ಹೆಸರು, ಹೆಂಗಸಿಗೆ 'ಕೋಂ' ಅಂತ ಗಂಡನ ಹೆಸರು ಬರೆಯುತ್ತಾರಲ್ಲ, ಆ 'ಕೋಂ' ಹಿಂದೆ ಇರುವ ಹೆಸರು ನನಗೆ ಬೇಕು. ಒಂದು ಕಚೇರಿಯಲ್ಲಿ ಹಳೇ ಮ್ಯುಟೇಶನ್ ಪುಸ್ತಕ, ಅಂದರೆ ಖಾತೆ ಯಾರಿಂದ ಯಾರಿಗೆ ಬದಲಾಯಿತು ಅಂತ ಬರೆದಿಡುವ ಪುಸ್ತಕ, ತೆಗೆಸಿದ್ದೆ, ನಮ್ಮ ಸರ್ವೆ ನಂಬರ್ ಇರಬೇಕಾದ ಪುಟದ ಅಂಚು ಗೆದ್ದಲು ತಿಂದಿತ್ತು. ಹಳೇ ದಾಖಲೆ ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಶುರುವಾಗಿದ್ದು ದೊಡ್ಡ ಕೆಲಸ, ಉಳಿದ ಪುಟಗಳಾದರೂ ಬೇಗ ಸ್ಕ್ಯಾನ್ ಆಗಲಿ. ಸಂಕ್ರಾಂತಿ ಮುಗಿಸಿಕೊಂಡು ನಾನು ಬಾಗೂರಿಗೆ ಹೋಗುತ್ತೇನೆ.

ಹೆಸರು ಅಳಿಸಿಹೋಗುವುದು ನಮ್ಮ ಮನೆಯ ಕತೆ ಮಾತ್ರ ಅಲ್ಲ. 1951-52ರ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಲಕ್ಷಾಂತರ ಹೆಂಗಸರು ಸ್ವಂತ ಹೆಸರು ಕೊಡದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದ್ದರು. ಹಾಗೆ ಬರೆದರೆ ನಡೆಯುವುದಿಲ್ಲ ಅಂತ ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಕೊನೆಗೂ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಅವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹಕ್ಕು ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ಈಗ ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬರೆಯಲೇಬೇಕು. ಆಸ್ತಿ ಪ್ರಶ್ನೆ ಬಂದಾಗ ಬರೆಯುವವರು ಸುಮ್ಮನಿದ್ದಾಗಲೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಎಷ್ಟು ಒಳ್ಳೆಯದು!

ನಿಮ್ಮಲ್ಲೂ ಒಂದು ಕೋರಿಕೆ ಇದೆ ಸಂಪಾದಕರೇ, ನಿಜ ಹೇಳಬೇಕೆಂದರೆ ಪತ್ರ ಬರೆದಿದ್ದೇ ಇದಕ್ಕೆ. ನಿಧನ ವಾರ್ತೆಯಲ್ಲಿ 'ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಪುತ್ರಿ ಇದ್ದಾರೆ' ಅಂತ ಹಾಕುತ್ತೀರಿ. ಹೆಂಗಸರು ತೀರಿಕೊಂಡರೆ ಎಷ್ಟೋ ಸಲ ಹೆಡ್ಡಿಂಗ್‌ನಲ್ಲಿ ಇಂಥವರ ಪತ್ನಿ, ಇಂಥವರ ತಾಯಿ ಅಂತ ಇರುತ್ತದೆ, ಅವರ ಹೆಸರು ಹುಡುಕಬೇಕು. ಹಳೇ ಪತ್ರಿಕೆಯ ಕಟಿಂಗ್ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ, ನಮ್ಮ ಅಜ್ಜನ ನಿಧನ ವಾರ್ತೆಯ ಕಟಿಂಗ್ ನನ್ನ ಹತ್ತಿರವೇ ಇದೆ, ಅದರಲ್ಲೂ ಅಜ್ಜಿ ಬರೀ 'ಪತ್ನಿ'. ಈ ವರ್ಷದಿಂದ ಮನೆಯವರು ಒಪ್ಪಿದರೆ ಎಲ್ಲರ ಹೆಸರನ್ನೂ ಹಾಕಿ. ಜಾಗ ಸಾಲದಿದ್ದರೆ ಹೆಂಡತಿಯ ಹೆಸರು, ತಾಯಿಯ ಹೆಸರು, ಅವರ ತವರೂರು ಇಷ್ಟಾದರೂ ಹಾಕಿ. ಒಂದು ಸಾಲು ಜಾಸ್ತಿ ಆಗಬಹುದು.

ಇಂತಿ,
ನಿವೃತ್ತ ಶಿಕ್ಷಕಿ, ದಾವಣಗೆರೆ