ನಮ್ಮ ಕಡೆ ಬಿದ್ದ ವಿಮಾನಗಳ ಲೆಕ್ಕವೂ ಬೇಕು

ಸಂಪಾದಕರೇ,

ಯುದ್ಧದ ಮಾತು ಬಂದರೆ ಟಿವಿಯಲ್ಲಿ ಒಂದೇ ಲೆಕ್ಕ, ಅವರ ವಿಮಾನ ಎಷ್ಟು ಬಿದ್ದವು ಅಂತ. ನಮ್ಮದೆಷ್ಟು ಎಂದು ಕೇಳಿದರೆ ದೇಶದ್ರೋಹಿ! 2025ರ ಮೇನಲ್ಲಿ ಪಾಕಿಸ್ತಾನದ ಜೊತೆ ನಡೆದ ಸಂಘರ್ಷದ ನಂತರ ಸೇನಾಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಸಿಂಗಪುರದಲ್ಲಿ, ನಮಗೂ ನಷ್ಟವಾಗಿದೆ ಎಂದು ಒಪ್ಪಿಕೊಂಡರು, ಸಂಖ್ಯೆ ಹೇಳಲಿಲ್ಲ. ಆಗಸ್ಟ್‌ನಲ್ಲಿ ವಾಯುಪಡೆ ಮುಖ್ಯಸ್ಥರು ಬೆಂಗಳೂರಿನಲ್ಲೇ ನಿಂತು ಪಾಕಿಸ್ತಾನದ 5 ಯುದ್ಧ ವಿಮಾನ, 1 ದೊಡ್ಡ ವಿಮಾನ ಹೊಡೆದಿದ್ದೇವೆ ಎಂದರು. ಸದ್ಯಕ್ಕೆ ಗುಟ್ಟು ಬೇಕಾಗಬಹುದು, ತಕರಾರಿಲ್ಲ. ಆದರೆ ಎಷ್ಟು ವರ್ಷ?

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ವಿಷಯವನ್ನೇ ನೋಡಿ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟಿಯರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೊರಟವು. ದೇವಯ್ಯ ಬದಲಿ ಪೈಲಟ್ ಆಗಿದ್ದರು, ಆದರೂ ಹೋದರು. ವಾಪಸಾಗುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಅವರ ಬೆನ್ನು ಹತ್ತಿತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ವಿಮಾನ ಅದು, ಮಿಸ್ಟಿಯರ್ ಅದಕ್ಕೆ ಸಾಟಿಯೇ ಅಲ್ಲ. ಏಟು ತಿಂದ ಮೇಲೂ ದೇವಯ್ಯ ತಿರುಗಿ ನಿಂತು ಗುಂಡು ಹಾರಿಸಿ ಅದನ್ನು ಕೆಡವಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು, ದೇವಯ್ಯ ಬರಲಿಲ್ಲ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ, ಕಾಣೆಯಾದವರ ಪಟ್ಟಿಯಲ್ಲಿ ಒಂದು ಹೆಸರು, ಅಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕ ಬಂದ ಮೇಲೆ ವಿಷಯ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅಂದರೆ 23 ವರ್ಷದ ನಂತರ. ಅದೂ ಆ ದಾಳಿಯ ನಾಯಕರಾಗಿದ್ದ ತನೇಜಾ ಬೆನ್ನುಬಿಡದೆ ಪತ್ರ ಬರೆದಿದ್ದರಿಂದ. ನಮ್ಮ ಹುಡುಗನ ಸಾಹಸ ನಮಗೆ ಗೊತ್ತಾಗಲು ಹೊರಗಿನವರ ಪುಸ್ತಕ ಬೇಕಾಯಿತು!

ಅದೇ ಯುದ್ಧದಲ್ಲಿ ನಾವು 59 ವಿಮಾನ ಕಳೆದುಕೊಂಡೆವು, ಪಾಕಿಸ್ತಾನ 43 ಎಂದು ನಮ್ಮ ರಕ್ಷಣಾ ಸಚಿವಾಲಯವೇ ಬರೆಸಿದ ಇತಿಹಾಸ ಹೇಳುತ್ತದೆ. (ಪಾಕಿಸ್ತಾನದವರ ಪ್ರಕಾರ ಅವರದು ಬರೀ 19, ನಮ್ಮದು 104. ಅವರ ಲೆಕ್ಕ ಬಿಡಿ.) ನಮ್ಮ 59ರಲ್ಲಿ ಅರ್ಧಕ್ಕಿಂತ ಜಾಸ್ತಿ ನೆಲದ ಮೇಲೆ ನಿಂತಿದ್ದಾಗಲೇ ಹೋದವು. ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ವಾಯುನೆಲೆಗೆ ಪಾಕಿಸ್ತಾನದ ಸೇಬರ್ ಯುದ್ಧ ವಿಮಾನಗಳು ಬಂದು, ಆಗಷ್ಟೇ ತಂದಿದ್ದ ಎರಡು ಮಿಗ್-21ಗಳನ್ನೂ ಸೇರಿಸಿ, ನಮ್ಮ ವಿಮಾನಗಳನ್ನು ಸಾಲಾಗಿ ಸುಟ್ಟುಹಾಕಿದವು. ವಾಯುಪಡೆ ಪಾಠ ಕಲಿಯಿತು, ವಿಮಾನಗಳಿಗೆ ಗಟ್ಟಿ ಗೋಡೆಯ ಮರೆ ಕಟ್ಟಿಸಿತು, 1971ರಲ್ಲಿ ನೆಲದ ಮೇಲೆ ಹೋದದ್ದು ಬಹಳ ಕಡಿಮೆ. ಇದರಲ್ಲಿ ಜನರಿಂದ ಮುಚ್ಚಿಡುವಂಥದ್ದೇನಿತ್ತು? ಆದರೂ 1992ರಲ್ಲೇ ತಯಾರಾಗಿದ್ದ ಆ ಇತಿಹಾಸ ಜನರ ಕೈಗೆ ಸಿಕ್ಕಿದ್ದು 2000ದಲ್ಲಿ, ಅದೂ ಸರಕಾರ ಕೊಟ್ಟಿದ್ದಲ್ಲ, ಪತ್ರಿಕೆಯೊಂದು ಹೊರಹಾಕಿದ್ದು.

2021ರ ಜೂನ್‌ನಲ್ಲಿ ಸಚಿವಾಲಯ ಒಂದು ಒಳ್ಳೆಯ ನೀತಿ ಪ್ರಕಟಿಸಿತು. ಯುದ್ಧ ಮುಗಿದ 5 ವರ್ಷದೊಳಗೆ ಇತಿಹಾಸ ಬರೆಸಿ ಸಂಬಂಧಪಟ್ಟವರಿಗೆ ತಲುಪಿಸಬೇಕು, ಕಡತಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ತೆರೆಯಬೇಕು. ಸಂಬಂಧಪಟ್ಟವರು ಅಂದರೆ ನಾವೂ ಅಲ್ವಾ? ಕಾರ್ಗಿಲ್‌ಗೆ 25 ತುಂಬಿದ್ದು 2024ರಲ್ಲಿ. 1999ರ ಮೇ 27ಕ್ಕೆ ಒಂದು ಮಿಗ್-27, ಒಂದು ಮಿಗ್-21, ಮಾರನೇ ದಿನ ಒಂದು ಎಂಐ-17 ಹೆಲಿಕಾಪ್ಟರ್ ಹೋದವು. ನೀತಿಯ ಪ್ರಕಾರ ಆ ಕಡತಗಳ ಸರದಿ ಬಂದಿದೆ. ಅವು ಎಲ್ಲಿಗೆ ಬಂದಿವೆ ಎಂದು ನಿಮ್ಮ ದೆಹಲಿ ವರದಿಗಾರರು ಒಮ್ಮೆ ವಿಚಾರಿಸಿ ಬರೆಯಲಿ.

– ಓದುಗ, ಮೈಸೂರು